ಬಿಟ್ಟ ಪುಟಕ್ಕೆ ಬಡ್ಡಿ ಇಲ್ಲ

(ಪುಣೆಯಲ್ಲಿ ನಡೆದ ನಮ್ಮ ಮಹಿಳಾ ವೇದಿಕೆಯ ನವೆಂಬರ್ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

  

ಸಂಚಾಲಕಿಯವರು ಫೋನ್ ಮಾಡಿ, "ಸಮಯ ನಿರ್ವಹಣೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ಆ ವಿಷಯ ನನಗೆ ತುಂಬಾ ದೊಡ್ಡದಾಯಿತು. ನಾನು ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ಈ ಊರಿಗೆ ಬಂದು ಹನ್ನೊಂದು ವರ್ಷ ಆಯಿತು. ದೊಡ್ಡ ಕೆಲಸ ಕೊಟ್ಟರೆ ಅದನ್ನು ಚಿಕ್ಕದಾಗಿ ಕತ್ತರಿಸುವುದು ನಮ್ಮ ಅಭ್ಯಾಸ. ಹಾಗಾಗಿ ಒಂದೇ ತುಂಡು ಎತ್ತಿಕೊಂಡಿದ್ದೇನೆ: ನಡುವೆ ನಿಂತುಹೋದ ಪ್ಲಾನರನ್ನು ಮತ್ತೆ ಕೈಗೆ ತೆಗೆದುಕೊಳ್ಳುವುದು ಹೇಗೆ?

ಪ್ಲಾನರ್ ಶುರು ಮಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಜನವರಿ ಒಂದನೇ ತಾರೀಖು ನಮ್ಮೆಲ್ಲರ ಕೈಬರಹ ಮುತ್ತಿನಂತಿರುತ್ತದೆ. ಬ್ಯಾಂಕಿನವರು ಕೊಟ್ಟ ಡೈರಿ, ಆಫೀಸಿನಲ್ಲಿ ಕೊಟ್ಟ ಡೈರಿ, ಮಗಳು ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಹೂವಿನ ಚಿತ್ರದ ಪ್ಲಾನರ್, ಎಲ್ಲ ಇರುತ್ತವೆ. ಸಂಕ್ರಾಂತಿಯವರೆಗೆ ದಿನಾ ಬರೆಯುತ್ತೇವೆ. ಶಿವರಾತ್ರಿ ಹೊತ್ತಿಗೆ ವಾರಕ್ಕೊಮ್ಮೆ ಆಗುತ್ತದೆ. ಯುಗಾದಿ ಹೊತ್ತಿಗೆ ಅದರಲ್ಲಿ ಹಾಲಿನ ಲೆಕ್ಕ, ಇಸ್ತ್ರಿ ಬಟ್ಟೆಯ ಲೆಕ್ಕ ಮಾತ್ರ ಉಳಿದಿರುತ್ತದೆ. ಆಮೇಲೆ ಅದು ಕಪಾಟಿನಲ್ಲಿ ಸೀರೆಗಳ ನಡುವೆ ಸೇರುತ್ತದೆ. ನಗ್ತಾ ಇದ್ದೀರಿ ಅಂದರೆ ನಿಮ್ಮ ಕಪಾಟಿನಲ್ಲೂ ಒಂದು ಇದೆ ಅಂತ ಅರ್ಥ.

ಆದರೆ ನಮ್ಮ ಮನೆಗಳಲ್ಲಿ ಬರೆದಿಡುವ ಅಭ್ಯಾಸ ಹೊಸದಲ್ಲ. ಕರ್ನಾಟಕದ ಅಡುಗೆಮನೆ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಇಲ್ಲಿಗೆ ಬಂದ ಮೇಲೆ ಅದರ ಪಕ್ಕಕ್ಕೆ ಕಾಲನಿರ್ಣಯ ಬಂತು. ಜಯಂತರಾವ್ ಸಾಳಗಾಂವ್ಕರ್ ಅವರು 1973ರಲ್ಲಿ ಶುರು ಮಾಡಿದ ಆ ಕ್ಯಾಲೆಂಡರ್ ಈಗ ಕನ್ನಡದಲ್ಲೂ ಸಿಗುತ್ತದೆ. ತಿಥಿ, ವಾರ, ಹಬ್ಬ ಮೇಲೆ ಅಚ್ಚಾಗಿರುತ್ತದೆ. ಕೆಳಗಿನ ಖಾಲಿ ಜಾಗದಲ್ಲಿ ನಮ್ಮ ತಾಯಂದಿರು ಏನು ಬರೆಯುತ್ತಿದ್ದರು? ಸಿಲಿಂಡರ್ ಹಚ್ಚಿದ ದಿನ. ಹಾಲು ಬೇಡ ಅಂದ ದಿನಕ್ಕೆ ಒಂದು ಅಡ್ಡಗೆರೆ. ಕೆಲಸದವಳು ಬಾರದ ದಿನಕ್ಕೆ ಒಂದು ಗುಣಾಕಾರದ ಚಿಹ್ನೆ. ಚೀಟಿ ದುಡ್ಡು ಕಟ್ಟುವ ದಿನಕ್ಕೆ ಒಂದು ಸುತ್ತು. ಅದೇ ಅವರ ಪ್ಲಾನರ್. ಅದಕ್ಕೆ ಒಂದು ದೊಡ್ಡ ಗುಣ ಇತ್ತು: ನಾಲ್ಕು ದಿನ ಏನೂ ಬರೆಯದಿದ್ದರೂ ಅದು ಗೋಡೆಯ ಮೇಲೆಯೇ ಇರುತ್ತಿತ್ತು. ಐದನೇ ದಿನ ಪೆನ್ನು ತೆಗೆದುಕೊಂಡರೆ ಮುಗಿಯಿತು. "ಅಯ್ಯೋ, ನಾಲ್ಕು ಮನೆ ಖಾಲಿ ಬಿಟ್ಟೆನಲ್ಲ" ಅಂತ ಯಾವ ಅಮ್ಮನೂ ಕ್ಯಾಲೆಂಡರ್ ಮುಂದೆ ನಿಂತು ಕೊರಗಲಿಲ್ಲ.

ಪುಸ್ತಕದ ರೂಪದ ಪ್ಲಾನರ್ ಬಂದ ಮೇಲೆ ಕೊರಗು ಬಂತು. ಖಾಲಿ ಪುಟ ತೆರೆದರೆ ಅದು ಶಾಲೆಯ ಹೋಮ್‌ವರ್ಕ್ ಪುಸ್ತಕದ ಹಾಗೆ ನಮ್ಮನ್ನೇ ನೋಡುತ್ತದೆ. ಇವತ್ತು ನಾನು ಹೇಳಬೇಕಾದದ್ದು ಆ ಪುಟದ ಬಗ್ಗೆಯೇ.

ಪ್ಲಾನರ್ ಯಾವಾಗ ನಿಲ್ಲುತ್ತದೆ?

ಸೋಮಾರಿತನದಿಂದ ನಿಲ್ಲುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವ ಬೇರೆ. ಕೆಲಸ ಕಡಿಮೆ ಇದ್ದಾಗ ನಾನು ಚೆನ್ನಾಗಿಯೇ ಬರೆಯುತ್ತೇನೆ. ಜೀವನ ಭಾರವಾದಾಗ ಮೊದಲು ನಿಲ್ಲುವುದು ಅದೇ.

ಕಳೆದ ವರ್ಷ ಅಕ್ಟೋಬರ್ 14ರಂದು ಗದಗಿನಲ್ಲಿ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಅಪ್ಪ ತೀರಿಕೊಂಡ ಮೇಲೆ ಆಕೆ ಅಲ್ಲಿ ಒಬ್ಬಳೇ ಇದ್ದಳು. ಆಪರೇಷನ್ ಆಯಿತು, ಪುಣೆಗೆ ಕರೆದುಕೊಂಡು ಬಂದೆವು. ಆಮೇಲೆ ವಾಕರ್, ಫಿಸಿಯೋಥೆರಪಿ, ರಾತ್ರಿ ಎರಡು ಸಲ ಎಬ್ಬಿಸುವುದು. ಅದೇ ಹೊತ್ತಿಗೆ ಆಫೀಸಿನಲ್ಲಿ ವರ್ಷಾಂತ್ಯದ ರಿಲೀಸ್. ಮಗನಿಗೆ ಆಗ ಏಳು ವರ್ಷ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ನನ್ನ ಪ್ಲಾನರಿನಲ್ಲಿ ಒಂದು ಅಕ್ಷರವೂ ಇಲ್ಲ. ಆ ದಿನಗಳಲ್ಲಿ ಬರೆಯಲು ಕೂರುವುದಕ್ಕಿಂತ ಹದಿನೈದು ನಿಮಿಷದ ನಿದ್ದೆ ದೊಡ್ಡದಾಗಿತ್ತು. ಅದು ಸರಿಯಾದ ಆಯ್ಕೆಯೇ ಆಗಿತ್ತು ಅಂತ ಇವತ್ತೂ ಹೇಳುತ್ತೇನೆ.

ಹಾಗಾದರೆ ಮತ್ತೆ ಯಾಕೆ ಬರೆಯಬೇಕು? ಪ್ಲಾನರ್ ಇಲ್ಲದೆಯೇ ನಾಲ್ಕು ತಿಂಗಳು ಮನೆ ನಡೆಯಿತಲ್ಲ? ನಡೆಯಿತು, ಆದರೆ ನನ್ನ ತಲೆಯೊಳಗೆ ನಡೆಯಿತು. ಅದರ ಬೆಲೆ ಫೆಬ್ರವರಿಯಲ್ಲಿ ಗೊತ್ತಾಯಿತು. ನನಗೆ ಜೋರು ಜ್ವರ ಬಂದು ಆರು ದಿನ ಹಾಸಿಗೆ ಹಿಡಿದೆ. ನಮ್ಮ ಮನೆಯವರು ಒಳ್ಳೆಯವರು, ರಜೆ ಹಾಕಿ ಮನೆಯಲ್ಲೇ ಉಳಿದರು. ಆದರೆ ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅವ್ವನ ಖಾಲಿ ಹೊಟ್ಟೆ ಗುಳಿಗೆ ಯಾವುದು?" "ಫಿಸಿಯೋದವರಿಗೆ ದುಡ್ಡು ಕೊಟ್ಟಿದೆಯಾ?" "ಶಾಲೆ ಬಸ್ಸಿನ ಕಾಕಾನ ನಂಬರ್ ಯಾವ ಹೆಸರಲ್ಲಿ ಸೇವ್ ಮಾಡಿದ್ದಿ?" "ನಾಳೆ ಬಿಳಿ ಯೂನಿಫಾರ್ಮೋ, ನೀಲಿಯೋ?" ನೂರಮೂರು ಡಿಗ್ರಿ ಜ್ವರದಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಉತ್ತರ ಹೇಳುತ್ತಿದ್ದೆ. ಅವರಿಗೆ ಮನಸ್ಸಿತ್ತು, ಮಾಹಿತಿ ಇರಲಿಲ್ಲ. ಅಪ್ಪಿತಪ್ಪಿ ನಾನು ಆಸ್ಪತ್ರೆಗೆ ಸೇರುವಂತಾಗಿದ್ದರೆ ಅವ್ವನ ಥೈರಾಯ್ಡ್ ಗುಳಿಗೆ ಯಾವುದು, ರಕ್ತದೊತ್ತಡದ ಗುಳಿಗೆ ಯಾವುದು ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೆಸರಿದೆ, ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ. ಎಲ್ಲವೂ ಒಂದೇ ಕಂಬದ ಮೇಲೆ ನಿಂತಿದೆ, ಅದು ಅಲುಗಿದರೆ ಮನೆ ಪೂರ್ತಿ ಅಲುಗುತ್ತದೆ. ಆಫೀಸಿನಲ್ಲಿ ಯಾವುದೇ ಸರ್ವರನ್ನು ನಾವು ಹಾಗೆ ಬಿಡುವುದಿಲ್ಲ. ಮನೆಯನ್ನು ಮಾತ್ರ ಬಿಟ್ಟಿರುತ್ತೇವೆ. ಅದಕ್ಕೆ "ಅವಳಿಗೆ ಎಲ್ಲಾ ನೆನಪಿರುತ್ತೆ ಬಿಡಿ" ಅಂತ ಹೊಗಳಿಕೆ ಬೇರೆ!

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರನ್ನು ಲೆಕ್ಕ ಹಾಕಿದರೆ, ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಬಂತು. ಇದು ಕೈ ಮಾಡುವ ಕೆಲಸ. ಕುಕ್ಕರ್ ಇಡುತ್ತಲೇ ನಾಳೆಯ ಟಿಫಿನ್ ಯೋಚಿಸುವುದು, ಮೀಟಿಂಗಿನಲ್ಲಿ ಕೂತೇ ಗ್ಯಾಸ್ ಮುಗಿಯುವ ದಿನ ಎಣಿಸುವುದು, ಇವೆಲ್ಲ ಗಡಿಯಾರದ ಲೆಕ್ಕಕ್ಕೆ ಸಿಗುವುದು ಕಷ್ಟ. ಆ ಭಾರ ತಲೆಯಲ್ಲಿದ್ದರೆ ಹಂಚಿಕೊಳ್ಳಲು ಬರುವುದಿಲ್ಲ, ಕಾಗದದ ಮೇಲೆ ಬಂದರೆ ಹಂಚಿಕೊಳ್ಳಬಹುದು. ಪ್ಲಾನರಿಗೆ ನಾನು ಹಿಂತಿರುಗಿದ್ದಕ್ಕೆ ಕಾರಣ ಇದೇ.

ಅಂಗಡಿಯ ಪುಸ್ತಕ ಕಲಿಸಿದ್ದು

ಮಾರ್ಚ್ ಮೊದಲ ವಾರ ಒಂದು ಮಧ್ಯಾಹ್ನ ಪ್ಲಾನರ್ ತೆಗೆದು ಅಡುಗೆಮನೆಯ ಟೇಬಲ್ ಮೇಲೆ ಇಟ್ಟುಕೊಂಡೆ. ಖಾಲಿ ಪುಟಗಳನ್ನು ತಿರುವುತ್ತಿದ್ದೆ. ಎದುರಿಗೆ ವಾಕರ್ ಹಿಡಿದು ನಿಂತಿದ್ದ ಅವ್ವ ನೋಡಿದಳು.

"ಏನ ಹುಡುಕಾಕತ್ತೀಯವ್ವಾ?"

"ಏನಿಲ್ಲಬೇ, ನಾಕ ತಿಂಗಳ ಹಾಳಿ ಖಾಲಿ ಅದಾವು."

"ಬಿಟ್ಟ ಹಾಳಿಗೆ ಬಡ್ಡಿ ಹತ್ತೂದಿಲ್ಲ ತಗೋ. ಇವತ್ತಿನ ತಾರೀಖ ಹಾಕು."

ಅಪ್ಪನಿಗೆ ಗದಗಿನಲ್ಲಿ ಕಿರಾಣಿ ಅಂಗಡಿ ಇತ್ತು. ಮೂವತ್ತು ವರ್ಷ ಅಂಗಡಿಯ ಉದ್ರಿ ಲೆಕ್ಕ ನೋಡಿದವಳು ಅವ್ವ. ದೀಪಾವಳಿ ಪಾಡ್ಯದ ದಿನ ಹೊಸ ಕಿರ್ದಿ ಪುಸ್ತಕಕ್ಕೆ ಅರಿಶಿಣ ಕುಂಕುಮ ಹಚ್ಚಿ ಪೂಜೆ ಮಾಡುವುದು ನಿಮ್ಮಲ್ಲಿ ಎಷ್ಟೋ ಜನ ಈಗಷ್ಟೇ ಮಾಡಿ ಬಂದಿರುತ್ತೀರಿ. ಹೊಸ ಪುಸ್ತಕ ತೆರೆದಾಗ ಹಳೆಯ ಪುಸ್ತಕವನ್ನು ಪೂರ್ತಿ ನಕಲು ಮಾಡುವವರು ಯಾರಿದ್ದಾರೆ? ಮೊದಲ ಪುಟದಲ್ಲಿ ಆರಂಭದ ಶಿಲ್ಕು ಬರೆಯುತ್ತಾರೆ. ಯಾರ ಉದ್ರಿ ಇನ್ನೂ ಬರಬೇಕೋ ಅಷ್ಟನ್ನು ಮಾತ್ರ ಮುಂದಕ್ಕೆ ತರುತ್ತಾರೆ. ತೀರಿದ್ದು ಹಳೆಯ ಪುಸ್ತಕದಲ್ಲಿ ಉಳಿಯುತ್ತದೆ. ಊರು ಬಿಟ್ಟು ಹೋದವನ ಎಂಟು ರೂಪಾಯಿಯನ್ನು ಅಪ್ಪ ಒಂದು ಗೆರೆ ಎಳೆದು ಬಿಟ್ಟುಬಿಡುತ್ತಿದ್ದರು.

ಈಗ ಜನಪ್ರಿಯವಾಗಿರುವ ಬುಲೆಟ್ ಜರ್ನಲ್ ಪದ್ಧತಿಯನ್ನು ಅಮೆರಿಕದ ರೈಡರ್ ಕ್ಯಾರಲ್ ರೂಪಿಸಿದರು. ಅದರಲ್ಲೂ ಇದೇ ಇದೆ. ತಿಂಗಳ ಕೊನೆಗೆ ಬಾಕಿ ಕೆಲಸಗಳನ್ನು ಒಂದೊಂದಾಗಿ ನೋಡಬೇಕು, ಇನ್ನೂ ಬೇಕು ಅನಿಸಿದ್ದನ್ನು ಕೈಯಾರೆ ಹೊಸ ಪುಟಕ್ಕೆ ಬರೆಯಬೇಕು, ಬೇಡವಾದದ್ದನ್ನು ಹೊಡೆದುಹಾಕಬೇಕು. ಮತ್ತೆ ಬರೆಯುವ ಶ್ರಮಕ್ಕೂ ತಕ್ಕದ್ದಲ್ಲ ಅಂದರೆ ಆ ಕೆಲಸ ಬೇಡ ಅಂತಲೇ ಅರ್ಥ. ನಮ್ಮ ಕಿರಾಣಿ ಅಂಗಡಿಯವರಿಗೆ ಇದು ಮೊದಲೇ ಗೊತ್ತಿತ್ತು.

ನಾನು ಮಾಡಿದ್ದು, ಒಂದೊಂದಾಗಿ

ಮೊದಲನೆಯದು. ಖಾಲಿ ಪುಟಗಳನ್ನು ತುಂಬಲು ಹೋಗಲಿಲ್ಲ, ಹರಿಯಲೂ ಇಲ್ಲ. ಹೊಸ ಪ್ಲಾನರನ್ನೂ ಕೊಳ್ಳಲಿಲ್ಲ. ಅಕ್ಟೋಬರ್ 14ರ ಪುಟದಲ್ಲಿ ಒಂದು ಸಾಲು ಬರೆದೆ: "ಇಲ್ಲಿಂದ ಫೆಬ್ರವರಿವರೆಗೆ ಅವ್ವನ ಕಾಲು." ಅಷ್ಟೇ. ಆ ಸಾಲು ಬರೆದ ಮೇಲೆ ಆ ಪುಟಗಳು ಖಾಲಿ ಅನಿಸಲಿಲ್ಲ. ನಾಲ್ಕು ತಿಂಗಳು ನಾನು ಎಲ್ಲಿದ್ದೆ ಅನ್ನುವುದಕ್ಕೆ ಅದೇ ದಾಖಲೆ. ನಿಮ್ಮ ಪ್ಲಾನರಿನ ಖಾಲಿ ಪುಟಗಳಿಗೂ ಒಂದು ಹೆಸರು ಇದ್ದೇ ಇರುತ್ತದೆ. ಬಾಣಂತನ, ಮಗಳ ಹತ್ತನೇ ಕ್ಲಾಸು, ಅತ್ತೆಯವರ ಕಣ್ಣಿನ ಆಪರೇಷನ್, ಮನೆ ಬದಲಾವಣೆ, ಅಥವಾ "ಮನಸ್ಸು ಸರಿ ಇರಲಿಲ್ಲ". ಆ ಹೆಸರು ಬರೆದು ಮುಂದೆ ಬನ್ನಿ.

ಎರಡನೆಯದು. ತಲೆಯಲ್ಲಿದ್ದದ್ದನ್ನೆಲ್ಲ ಕೆಳಗಿಳಿಸಿದೆ, ಪ್ಲಾನರಿನಲ್ಲಿ ಅಲ್ಲ, ಒಂದು ಬಿಡಿ ಹಾಳೆಯ ಮೇಲೆ. ಇಪ್ಪತ್ತು ನಿಮಿಷ, ಯಾವ ಕ್ರಮವೂ ಇಲ್ಲದೆ, ನೆನಪಾದಂತೆ. 43 ಕೆಲಸ ಆದವು.

ಇದರ ಹಿಂದೆ ಒಂದು ಕುತೂಹಲದ ಸಂಶೋಧನೆ ಇದೆ. ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಜನರಿಗೆ ಚಿಕ್ಕ ಚಿಕ್ಕ ಕೆಲಸ ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟರು, ಕೆಲವನ್ನು ಅರ್ಧಕ್ಕೆ ನಿಲ್ಲಿಸಿದರು. ಅರ್ಧಕ್ಕೆ ನಿಂತ ಕೆಲಸಗಳೇ ಜನರ ನೆನಪಿನಲ್ಲಿ ಹೆಚ್ಚು ಉಳಿದವು. ನಂತರದವರು ಮಾಡಿದ ಎಲ್ಲ ಪ್ರಯೋಗಗಳಲ್ಲೂ ಅದೇ ಫಲಿತಾಂಶ ಬಂದಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ 2011ರಲ್ಲಿ ಮಾಸಿಕಾಂಪೋ ಮತ್ತು ಬೌಮೈಸ್ಟರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಇನ್ನೊಂದು ಸಂಗತಿ ತೋರಿಸಿದರು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುವುದು ನಿಲ್ಲಬೇಕಾದರೆ ಆ ಕೆಲಸ ಮುಗಿಯಲೇಬೇಕು ಅಂತಿಲ್ಲ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ನಿಶ್ಚಯಿಸಿದರೂ ಸಾಕು, ಕೊರೆತ ಕಡಿಮೆಯಾಗುತ್ತದೆ. ರಾತ್ರಿ ಎರಡು ಗಂಟೆಗೆ "ಸೊಸೈಟಿ ಮೇಂಟೆನೆನ್ಸ್ ಕಟ್ಟಿಲ್ಲ" ಅಂತ ಎಚ್ಚರವಾಗುತ್ತದಲ್ಲ, ಅದಕ್ಕೆ ಔಷಧ ಒಂದು ಸಾಲು: "ಬುಧವಾರ ಬೆಳಿಗ್ಗೆ, ಚಹಾ ಆದ ಮೇಲೆ ಕಟ್ಟುವುದು."

ಮೂರನೆಯದು. 43ನ್ನು ಅಂಗಡಿಯ ಉದ್ರಿಯಂತೆ ಬೇರೆ ಮಾಡಿದೆ. 11 ಕೆಲಸಗಳ ಕಾಲ ಮುಗಿದುಹೋಗಿತ್ತು. ಶಾಲೆಯ ಸ್ನೇಹ ಸಮ್ಮೇಳನಕ್ಕೆ ಹಸಿರು ಪೈಜಾಮಾ ತರುವುದು ಅಂತ ಇತ್ತು, ಸಮ್ಮೇಳನ ಮುಗಿದು ಎರಡು ತಿಂಗಳಾಗಿತ್ತು. ಅವಕ್ಕೆ ಗೆರೆ ಎಳೆದೆ. 9 ಕೆಲಸಗಳನ್ನು ಬೇರೆಯವರು ಮಾಡಬಹುದಿತ್ತು. 15ಕ್ಕೆ ನಿಶ್ಚಿತ ತಾರೀಖು ಇತ್ತು: ವಿಮೆಯ ಕಂತು, ಅವ್ವನ ತಪಾಸಣೆ, ಕಾರಿನ ಸರ್ವಿಸಿಂಗ್. ಅವನ್ನು ಆಯಾ ತಾರೀಖಿನ ಪುಟಕ್ಕೆ ಸೇರಿಸಿದೆ. ಉಳಿದದ್ದು 8. ಅಂದರೆ 43 ಅಂತ ಹೆದರಿಸಿದ ಬೆಟ್ಟದಲ್ಲಿ, ನಾನು ಕೂತು ಯೋಚಿಸಿ ಮಾಡಬೇಕಾದದ್ದು ಎಂಟೇ.

ಇನ್ನೊಂದು ಲೆಕ್ಕವನ್ನೂ ಮಾಡಿದೆ. ಈ 43ರಲ್ಲಿ ನನ್ನದು ಅಂತ, ನನಗಾಗಿ ಅಂತ ಎಷ್ಟಿವೆ? ಎರಡು. ಒಂದು, ಕಣ್ಣು ತೋರಿಸುವುದು. ಇನ್ನೊಂದು, ಧಾರವಾಡದ ಗೆಳತಿಗೆ ಫೋನ್ ಮಾಡುವುದು. ಇಲ್ಲಿ ಕೂತಿರುವ ನಿಮ್ಮೆಲ್ಲರ ಹತ್ತಿರ ಒಂದು ಬೇಡಿಕೆ. ಮನೆಗೆ ಹೋಗಿ ಈ ಪಟ್ಟಿ ಮಾಡಿ, ಮಾಡಿದ ಮೇಲೆ ಈ ಒಂದು ಲೆಕ್ಕ ತಪ್ಪದೆ ಹಾಕಿ. ಬರುವ ಸಂಖ್ಯೆಯನ್ನು ಯಾರಿಗೂ ಹೇಳಬೇಕಾಗಿಲ್ಲ. ನಿಮಗೆ ಗೊತ್ತಾದರೆ ಸಾಕು.

ನಾಲ್ಕನೆಯದು. ದಿನಕ್ಕೆ ಮೂರು ಸಾಲು ಮಾತ್ರ. ಇದಕ್ಕೆ ನನ್ನ ಓದಿನಿಂದ ಒಂದು ಕಾರಣ ಕೊಡುತ್ತೇನೆ, ಹೆದರಬೇಡಿ, ಒಂದೇ ನಿಮಿಷ. ಹಿಟ್ಟಿನ ಗಿರಣಿ ನೆನೆಸಿಕೊಳ್ಳಿ. ಸಾಲಿನಲ್ಲಿ ಮೂವತ್ತು ಡಬ್ಬಿ ಇವೆ. ಗಿರಣಿಯವನು ಗಂಟೆಗೆ ಹತ್ತು ಡಬ್ಬಿ ಬೀಸುತ್ತಾನೆ. ಈಗ ನೀವು ಡಬ್ಬಿ ಇಟ್ಟರೆ ಮೂರು ಗಂಟೆ ಕಾಯಬೇಕು. ಜಾನ್ ಲಿಟ್ಲ್ ಎಂಬವರು 1961ರಲ್ಲಿ ಈ ಸಂಬಂಧವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಫ್ಯಾಕ್ಟರಿ, ಬ್ಯಾಂಕು, ಸಾಫ್ಟ್‌ವೇರ್ ಎಲ್ಲದಕ್ಕೂ ನಾವು ಇದನ್ನು ಬಳಸುತ್ತೇವೆ. ಗಿರಣಿ ಅವಸರ ಮಾಡಿದರೂ ಗಂಟೆಗೆ ಹತ್ತೇ ಬೀಸುವುದಾದರೆ, ಕಾಯುವುದು ಕಡಿಮೆಯಾಗಲು ಇರುವ ದಾರಿ ಒಂದೇ: ಸಾಲಿನಲ್ಲಿ ಕಡಿಮೆ ಡಬ್ಬಿ ಇಡುವುದು. ನಾವು ಮನುಷ್ಯರು. ನಮ್ಮ ಗಿರಣಿಯ ವೇಗ ಅಷ್ಟೇ. ದಿನಕ್ಕೆ ಹದಿನಾಲ್ಕು ಬರೆದು ನಾಲ್ಕು ಮುಗಿಸಿದರೆ ಸಂಜೆ ಹತ್ತು ಸೋಲು ಕಾಣುತ್ತವೆ. ಮೂರು ಬರೆದು ಮೂರು ಮುಗಿಸಿದರೆ ಮರುದಿನ ಪುಸ್ತಕ ತೆರೆಯುವ ಮನಸ್ಸಾಗುತ್ತದೆ. ಬಿಟ್ಟವರು ಮತ್ತೆ ಶುರು ಮಾಡುವಾಗ ಈ ಮನಸ್ಸೇ ಮುಖ್ಯ.

ಐದನೆಯದು. ಕೆಲಸದ ಜೊತೆ ಹೊತ್ತು ಮತ್ತು ಜಾಗ ಬರೆಯುವುದು. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಅವರು ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. "ಇದು ಆದಾಗ ಅದನ್ನು ಮಾಡುತ್ತೇನೆ" ಅಂತ ಮೊದಲೇ ನಿಶ್ಚಯಿಸಿಕೊಂಡವರು, ಬರೀ "ಮಾಡಬೇಕು" ಅಂದುಕೊಂಡವರಿಗಿಂತ ಹೆಚ್ಚು ಸಲ ಕೆಲಸ ಮಾಡಿ ಮುಗಿಸುತ್ತಾರೆ. "ಕಣ್ಣು ತೋರಿಸುವುದು" ಅಂತ ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಇತ್ತು. "ಶನಿವಾರ 11ಕ್ಕೆ, ಮಗನನ್ನು ಚೆಸ್ ಕ್ಲಾಸಿಗೆ ಬಿಟ್ಟ ಮೇಲೆ, ಎದುರಿನ ಕಣ್ಣಿನ ಡಾಕ್ಟರ್" ಅಂತ ಬರೆದ ಮೊದಲ ಶನಿವಾರವೇ ಆಯಿತು. ಕನ್ನಡಕದ ನಂಬರ್ ಬದಲಾಗಿತ್ತು. ನಿದ್ದೆ ಕಡಿಮೆಯಾಗಿ ತಲೆ ನೋಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಹೊಸ ಕನ್ನಡಕ ಬಂದ ಮೇಲೆ ಅರ್ಧ ತಲೆನೋವು ಹೋಯಿತು. ಗೆಳತಿಗೂ ಫೋನ್ ಮಾಡಿದೆ, ಒಂದೂವರೆ ಗಂಟೆ ಮಾತಾಡಿದೆವು. ಅದನ್ನು ಪ್ಲಾನರಿನಲ್ಲಿ ಹತ್ತು ನಿಮಿಷ ಅಂತ ಬರೆದಿದ್ದೆ, ಅದು ಬೇರೆ ಮಾತು!

ಅವರ ಕೈಬರಹ

ಇನ್ನು ಆ 9 ಕೆಲಸಗಳು. ಬೇರೆಯವರು ಮಾಡಬಹುದಾದವು. ಮೊದಲು ನಾನೇ ಅವುಗಳ ಮುಂದೆ ಮನೆಯವರ ಹೆಸರು ಬರೆದೆ. ಅದರಿಂದ ಹೆಚ್ಚೇನೂ ಆಗಲಿಲ್ಲ. "ನೆನಪು ಮಾಡು" ಅಂದರು. ನೆನಪು ಮಾಡುವ ಕೆಲಸ ನನ್ನ ಹತ್ತಿರವೇ ಉಳಿಯಿತು.

ಈಗ ಭಾನುವಾರ ಸಂಜೆ ಇಪ್ಪತ್ತು ನಿಮಿಷ ಪ್ಲಾನರನ್ನು ಊಟದ ಟೇಬಲ್ ನಡುವೆ ತೆರೆದು ಇಡುತ್ತೇವೆ. ಮುಂದಿನ ವಾರ ನೋಡುತ್ತೇವೆ. ನಿಯಮ ಒಂದೇ: ಯಾರು ಮಾಡುತ್ತಾರೋ ಅವರೇ ತಮ್ಮ ಕೈಯಿಂದ ಬರೆಯಬೇಕು. ಫಿಸಿಯೋಥೆರಪಿಯವರ ಲೆಕ್ಕ, ಬಸ್ಸಿನ ಫೀಸು, ಅವ್ವನ ಗುಳಿಗೆ ತರುವುದು ಅವರ ವಕ್ರ ಅಕ್ಷರದಲ್ಲಿ ಇವೆ. ತಾನೇ ಬರೆದದ್ದು ತನ್ನದಾಗುತ್ತದೆ, ಅದು ಮನುಷ್ಯ ಸ್ವಭಾವ. ಮಗನೂ ಬರೆಯುತ್ತಾನೆ, "ಗುರುವಾರ ಬಿಳಿ ಡ್ರೆಸ್". ಅವನ ಕನ್ನಡ ಅಕ್ಷರಾಭ್ಯಾಸವೂ ಆಗುತ್ತದೆ. ಈ ಊರಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಬರೆಯಲು ಸಿಗುವ ಜಾಗ ಎಷ್ಟಿದೆ ಹೇಳಿ?

ಕೊನೆಯ ಪುಟವನ್ನು "ಮನೆಯ ಪುಟ" ಅಂತ ಮಾಡಿದ್ದೇನೆ. ಅವ್ವನ ಗುಳಿಗೆಗಳ ಹೆಸರು, ಯಾವುದು ಖಾಲಿ ಹೊಟ್ಟೆಗೆ, ಯಾವುದು ಊಟದ ನಂತರ. ಯಾರ ರಕ್ತದ ಗುಂಪು ಯಾವುದು. ಡಾಕ್ಟರ್, ಶಾಲೆ, ಬಸ್ಸು, ಗ್ಯಾಸ್, ವಿದ್ಯುತ್ ಇವರ ನಂಬರುಗಳು. ಆರೋಗ್ಯ ವಿಮೆಯ ಕಾಗದ ಯಾವ ಕಪಾಟಿನಲ್ಲಿದೆ. ಒಂದು ಎಚ್ಚರಿಕೆ, ಇದು ನನ್ನ ವೃತ್ತಿಯ ಕಡೆಯಿಂದ: ಎಟಿಎಂ ಪಿನ್, ಬ್ಯಾಂಕ್ ಪಾಸ್‌ವರ್ಡ್ ಈ ಪುಟದಲ್ಲಿ ಬರೆಯಬೇಡಿ. ಮನೆಗೆ ಹತ್ತು ಜನ ಬಂದು ಹೋಗುತ್ತಾರೆ, ಪುಸ್ತಕ ಟೇಬಲ್ ಮೇಲೆಯೇ ಇರುತ್ತದೆ.

ನೀವು ಕೇಳಬಹುದಾದ ಪ್ರಶ್ನೆಗಳು

ಫೋನೋ, ಪುಸ್ತಕವೋ? ಐಟಿಯವಳಾಗಿ ಫೋನ್ ಅನ್ನಬೇಕು. ನನ್ನ ಉತ್ತರ: ಗಂಟೆ ಬಾರಿಸಬೇಕಾದದ್ದು ಫೋನಿನಲ್ಲಿ, ಕಣ್ಣಿಗೆ ಕಾಣಬೇಕಾದದ್ದು ಪುಸ್ತಕದಲ್ಲಿ. ಫೋನ್ ತೆರೆದರೆ ಮೊದಲು ವಾಟ್ಸಾಪ್ ಕಾಣುತ್ತದೆ. ಆಮೇಲೆ ನಾನು ಯಾಕೆ ತೆರೆದೆ ಅನ್ನುವುದೇ ನೆನಪಿರುವುದಿಲ್ಲ. ಆದರೆ ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿದ್ದರೆ ಫೋನಿನ ಹಂಚಿಕೆಯ ಕ್ಯಾಲೆಂಡರೇ ಒಳ್ಳೆಯದು. ಯಾವುದು ದಿನಾ ತೆರೆಯುತ್ತೀರೋ ಅದು ಸರಿಯಾದದ್ದು.

ನಾವು ನಿವೃತ್ತರು, ನಮಗೆ ಪ್ಲಾನರ್ ಯಾಕೆ? ಹಿರಿಯರು ಇದನ್ನು ಕೇಳೇ ಕೇಳುತ್ತೀರಿ. ಇದು ನವೆಂಬರ್. ಪಿಂಚಣಿ ಪಡೆಯುವವರು ಜೀವನ ಪ್ರಮಾಣಪತ್ರ ಕೊಡುವ ತಿಂಗಳು. ಅದು ಕೊಟ್ಟಾಯಿತೇ? ಠೇವಣಿಗಳ ಅವಧಿ ಯಾವಾಗ ಮುಗಿಯುತ್ತದೆ, ನಾಮಿನಿ ಯಾರು, ಸಕ್ಕರೆ ಕಾಯಿಲೆಯ ತಪಾಸಣೆ ಯಾವಾಗ ಮಾಡಿಸಿದ್ದು, ಇವೆಲ್ಲ ಒಂದು ಪುಟದಲ್ಲಿದ್ದರೆ ದೂರದ ಊರಿನಲ್ಲಿರುವ ಮಕ್ಕಳಿಗೆ ಎಷ್ಟು ಸಹಾಯ ಆಗುತ್ತದೆ ಅಂತ ಗದಗಿಗೆ ಓಡಿಹೋದ ಆ ಅಕ್ಟೋಬರಿನಲ್ಲಿ ನಾನು ಕಂಡಿದ್ದೇನೆ. ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ, ಏಪ್ರಿಲಿನಲ್ಲಿ ತನ್ನ ಮನೆಗೆ ಹೋದಳು. ಅಲ್ಲೂ ಗೋಡೆಯ ಕ್ಯಾಲೆಂಡರಿನ ಹಿಂದೆ ಒಂದು "ಮನೆಯ ಪುಟ" ಅಂಟಿಸಿ ಬಂದಿದ್ದೇನೆ. ಪಕ್ಕದ ಮನೆಯ ವೈನಿಯವರಿಗೂ ಅದು ಎಲ್ಲಿದೆ ಅಂತ ಗೊತ್ತು.

ಮತ್ತೆ ನಿಂತರೆ? ನಿಲ್ಲುತ್ತದೆ. ನನ್ನದು ಜೂನಿನಲ್ಲಿ ಹತ್ತು ದಿನ ನಿಂತಿತ್ತು, ಗಣಪತಿ ಹಬ್ಬದಲ್ಲಿ ಒಂದು ವಾರ ನಿಂತಿತ್ತು. ಎರಡು ಸಲವೂ ಒಂದು ಸಾಲಿನ ಹೆಸರು ಬರೆದು, ಆ ದಿನದ ತಾರೀಖಿನಿಂದ ಮುಂದುವರಿಸಿದೆ. ಹೊಸ ಶುರುವಿಗೆ ಒಳ್ಳೆಯ ದಿನ ಬೇಕು ಅನ್ನುವವರಿಗೂ ಒಂದು ಸಮಾಧಾನ ಇದೆ. ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ವಾರ, ಹೊಸ ತಿಂಗಳು, ಹೊಸ ವರ್ಷದ ಆರಂಭದಲ್ಲಿ ಜನ ವ್ಯಾಯಾಮಶಾಲೆಗೆ ಹೋಗುವುದು ಹೆಚ್ಚುತ್ತದೆ ಅಂತ ಕಂಡುಬಂತು. ನಮ್ಮ ಪಂಚಾಂಗದಲ್ಲಂತೂ ಶುಭಾರಂಭದ ದಿನಗಳಿಗೆ ಬರವೇ ಇಲ್ಲ. ಯುಗಾದಿ ತಪ್ಪಿದರೆ ಅಕ್ಷಯ ತದಿಗೆ, ಅದು ತಪ್ಪಿದರೆ ವಿಜಯದಶಮಿ, ಅದೂ ತಪ್ಪಿದರೆ ಪಾಡ್ಯ. ಎಲ್ಲವೂ ತಪ್ಪಿದರೆ ಸೋಮವಾರ. ಸೋಮವಾರ ವರ್ಷಕ್ಕೆ ಐವತ್ತೆರಡು ಸಲ ಬರುತ್ತದೆ.

ಮುಗಿಸುವ ಮೊದಲು ಒಂದು ಮಾತು. ಪ್ಲಾನರ್ ನಮ್ಮನ್ನು ಹೆಚ್ಚು ದುಡಿಸುವ ಯಂತ್ರ ಆಗಬಾರದು. ಈಗಾಗಲೇ 299 ನಿಮಿಷ ದುಡಿಯುವವರಿಗೆ ಇನ್ನೂ ಹತ್ತು ಕೆಲಸ ತುರುಕಲು ಅದು ಬೇಡ. ಮನೆಯನ್ನು ಒಬ್ಬಳ ತಲೆಯಿಂದ ಕೆಳಗಿಳಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡಲು ಅದು ಬೇಕು. ಹಾಗೆ ಕೆಳಗಿಳಿಸಿದ ಮೇಲೆ ತಲೆಯಲ್ಲಿ ಖಾಲಿಯಾದ ಜಾಗ ಇದೆಯಲ್ಲ, ಅದು ನಿಮ್ಮದು. ಅಲ್ಲಿ ಸಂಗೀತ ಇಡುತ್ತೀರೋ, ಓದು ಇಡುತ್ತೀರೋ, ಏನೂ ಇಡದೆ ಹಾಗೇ ಬಿಡುತ್ತೀರೋ, ಅದನ್ನು ಯಾರೂ ಕೇಳುವ ಹಾಗಿಲ್ಲ.

ಬಾಗಿಲ ಹತ್ತಿರದ ಟೇಬಲ್ ಮೇಲೆ ಬಿಳಿ ಹಾಳೆ, ಪೆನ್ನು ಇಟ್ಟಿದ್ದೇವೆ. ಚಹಾ ಕುಡಿಯುತ್ತಾ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಇವತ್ತಿನ ತಾರೀಖು ಹಾಕಿ. ಕೆಳಗೆ ಮೂರು ಸಾಲು ಬರೆಯಿರಿ. ಅದರಲ್ಲಿ ಒಂದು ಸಾಲು ನಿಮ್ಮದೇ ಆಗಿರಲಿ. ಮನೆಗೆ ಹೋಗಿ ಕಪಾಟಿನಲ್ಲಿರುವ ಆ ಪ್ಲಾನರ್ ತೆಗೆದು, ಇವತ್ತಿನ ಪುಟದಲ್ಲಿ ಈ ಹಾಳೆಯನ್ನು ಅಂಟಿಸಿ. ಹಿಂದಿನ ಪುಟಗಳ ಚಿಂತೆ ಬೇಡ.

 ಚಹಾ ಆರುವ ಮೊದಲು ಏಳೋಣ.